ಗಾನಿಮ್‌ನ ನಿಲುವಂಗಿ

"ಬೇಡ ಅತ್ತಿಗೆ, ನಿನ್ನೆ ಹಣೆ ಪರಚಿದ್ದು ಸಾಲ್ದಾ? ಇವತ್ತು ಕಣ್ಣನ್ನೇ ಕಿತ್ತುಬಿಡುತ್ತೆ ಅದು!" ಅಫ್ರಾ ತನ್ನ ಅಣ್ಣನ ಹೆಂಡತಿ ಮೈಥಾಳ ತೋಳು ಹಿಡಿದು ಜಗ್ಗಿದಳು.

ಮೈಥಾ ಬಾಗಿಲಿನ ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ. ಮೇಲೆ ಬಲೆ ಹೊದಿಸಿದ ಕೋಣೆಯಲ್ಲಿ, ಜಲ್ಲಿ ಹಾಸಿದ ಕಟ್ಟೆಯ ಮೇಲೆ ರೀಮ್ ಎಂಬ ಗಿಡುಗ ರೆಕ್ಕೆ ಇಳಿಬಿಟ್ಟು ಕೂತಿತ್ತು. ಕಣ್ಣು ಅರೆಮುಚ್ಚಿದ್ದವು. ತಿಣುಕಿ ತಿಣುಕಿ ಬಾಲ ನಡುಗುತ್ತಿತ್ತು. ಮೊಟ್ಟೆ ಒಳಗೇ ಸಿಕ್ಕಿಕೊಂಡು ಒಂದು ದಿನವಾಗಿತ್ತು; ಆಗಿನಿಂದ ಕಿಂಡಿಯಲ್ಲಿ ಎಸೆದ ಮಾಂಸವನ್ನೂ ಅದು ಮುಟ್ಟಿರಲಿಲ್ಲ.

ಮರಿಯಾಗಿದ್ದಾಗಿನಿಂದ ಮೈಥಾಳ ಗಂಡ ಗಾನಿಮ್‌ನ ಕೈತುತ್ತು ತಿಂದು ಬೆಳೆದ ಹಕ್ಕಿ ಅದು. ತನ್ನ ಜಾತಿಯ ಗಂಡನ್ನು ಹತ್ತಿರ ಸೇರಿಸದು. ಅದರ ಲೆಕ್ಕದಲ್ಲಿ ಗಾನಿಮ್‌ನೇ ಗಂಡ. ಚಳಿ ಮುಗಿಯುತ್ತಿದ್ದಂತೆ ಆತ ದಿನಾ ಬೆಳಿಗ್ಗೆ ಅದರ ಮುಂದೆ ಮಂಡಿಯೂರಿ, ತಲೆ ಬಾಗಿಸಿ 'ಚಿಪ್ ಚಿಪ್' ಅನ್ನಬೇಕು, ಅದೂ ಬಾಗಬೇಕು. ಬೇರೆ ಗಂಡು ಗಿಡುಗದ ವೀರ್ಯ ತಂದು ಅದರೊಳಗೆ ಸೇರಿಸುವುದೂ ಆತನ ಕೈಯೇ. ಮೂವತ್ತು ವರ್ಷ ಸಂಸಾರ ಮಾಡಿದ ಮೈಥಾಳ ಮುಂದೆ ಆ ಮಹಾನುಭಾವ ಒಂದು ದಿನವೂ ತಲೆ ಬಾಗಿಸಿದವನಲ್ಲ. "ನಿನ್ನ ಸವತಿ ಕರೀತಿದಾಳೆ, ಹೋಗಿ ಬರ್ತೀನಿ" ಎಂದು ಚುಡಾಯಿಸಿ ಎದ್ದುಹೋಗುತ್ತಿದ್ದ. ಒಂಬತ್ತು ದಿನದ ಹಿಂದೆ ಹಾಗೆ ಹೋಗಿ ಬಂದವನು ಅಂಗಳದಲ್ಲೇ ಎದೆ ಹಿಡಿದು ಬಿದ್ದ. ಮತ್ತೆ ಏಳಲಿಲ್ಲ.

"ಕೈ ಹಾಕಿ ಹಿಡಿದ್ರೆ ಕೊಸರಾಡುತ್ತೆ ತಾಯಿ" ಎಂದು ಗೋಡೆಯಾಚೆಯಿಂದ ಪಶುವೈದ್ಯರು ಕೂಗಿದರು. "ಮೊಟ್ಟೆ ಹೊಟ್ಟೇಲೇ ಒಡೆದ್ರೆ ಹಕ್ಕಿ ಉಳಿಯಲ್ಲ. ಮಾಂಸದಲ್ಲಿ ಔಷಧಿ ಸೇರಿಸಿದೀನಿ, ತಾನಾಗೇ ತಿಂದ್ರೆ ಮೊಟ್ಟೆ ಇಳಿಯುತ್ತೆ. ಮಧ್ಯಾಹ್ನದವರೆಗೆ ನೋಡೋಣ. ಆಮೇಲೆ ಹಿಡೀಲೇಬೇಕು, ದೇವರಿಟ್ಟ ಹಾಗಾಗ್ಲಿ."

ಮೈಥಾ ಇದ್ದತ್‌ನಲ್ಲಿದ್ದಳು. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಪರಪುರುಷರ ಕಣ್ಣಿಗೆ ಬೀಳುವಂತಿಲ್ಲ. ಅದಕ್ಕೇ ವೈದ್ಯರು ಗೋಡೆ ದಾಟಿರಲಿಲ್ಲ. ನಿನ್ನೆ ಅವಳು ಕರಿಯ ಬುರ್ಖಾದಲ್ಲೇ ಮಾಂಸ ಹಿಡಿದು ಒಳಗೆ ಹೋಗಿದ್ದಳು. ಬಿಳಿ ನಿಲುವಂಗಿ, ಕೆಂಪು ಚೌಕುಳಿ ರುಮಾಲು ಬಿಟ್ಟು ಬೇರೇನನ್ನೂ ಕಂಡರಿಯದ ರೀಮ್ ಹೆದರಿ ಎರಗಿತ್ತು.

"ಅಣ್ಣನ ಒಂದಂಗಿ ಇದ್ದಿದ್ರೆ..." ಅಫ್ರಾ ಅಳತೊಡಗಿದಳು. "ಪುಣ್ಯ ಬರಲಿ ಅಂತ ಮೂರನೇ ದಿನವೇ ಎಲ್ಲಾ ದಾನ ಕೊಟ್ಬಿಟ್ಟೆ. ಪಾಪಿ ನಾನು."

ಮೈಥಾ ಒಳಗೆ ಹೋಗಿ ಹಾಸಿಗೆಯಡಿಯಿಂದ ಒಂದು ಗಂಟು ತಂದಳು. ಗಂಡ ಕೊನೆಯ ದಿನ ತೊಟ್ಟಿದ್ದ ನಿಲುವಂಗಿ, ರುಮಾಲು.

"ಕದ್ದಿಟ್ಕೊಂಡಿದ್ಯಾ? ಒಗೀದೇ?"

"ಒಗೆದ್ರೆ ಅವರ ವಾಸನೆ ಹೋಗ್ಬಿಡುತ್ತಲ್ಲೇ."

ಅವಳು ನಿಲುವಂಗಿ ತೊಟ್ಟು ರುಮಾಲು ಸುತ್ತಿಕೊಂಡಳು. ಕಣ್ಣು ಹೋದೀತು ಎಂಬ ಭಯವಿತ್ತು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಮಕ್ಕಳಿಲ್ಲದ ಮನೆ. ಗಾನಿಮ್‌ನ ಕೈಯಿಂದಾದ ಕೊನೆಯ ಕೆಲಸ ಆ ಹಕ್ಕಿಯ ಹೊಟ್ಟೆಯಲ್ಲಿತ್ತು. ಅದೂ ಇವತ್ತೇ ಸಾಯಬಹುದಿತ್ತು.

ಬಾಗಿಲು ತೆರೆದಾಗ ರೀಮ್‌ನ ಕಣ್ಣು ಪೂರ್ತಿ ಅರಳಿತು. ಗರಿಗಳು ಮೈಗೆ ಅಂಟಿಕೊಂಡವು. ನಿನ್ನೆ ಎರಗುವ ಮುಂಚೆಯೂ ಹೀಗೇ ಆಗಿತ್ತು. ಓಡಿಬಿಡೋಣ ಅನ್ನಿಸಿತು ಮೈಥಾಳಿಗೆ. ಆದರೆ ಮಂಡಿಯೂರಿದಳು. ಬಾಯಿ ಒಣಗಿ 'ಚಿಪ್' ಹೊರಡಲಿಲ್ಲ. ಉಗುಳು ನುಂಗಿ ಮತ್ತೆ ಅಂದಳು. ಮಾಂಸದ ತುಂಡು ಮುಂದೆ ಚಾಚಿ ಕಣ್ಣು ಮುಚ್ಚಿ, ಕತ್ತು ಬಗ್ಗಿಸಿ ಕೂತಳು.

ಜಲ್ಲಿಯ ಮೇಲೆ ಉಗುರು ಗೀರುವ ಸದ್ದು ಹತ್ತಿರ ಬಂತು, ನಿಂತಿತು. ಹೊಡೆತ ಬೀಳುತ್ತದೆಂದು ಅವಳು ಉಸಿರು ಬಿಗಿಹಿಡಿದಳು. ಬೆರಳಿನಿಂದ ಮಾಂಸ ಮೆಲ್ಲಗೆ ಜಾರಿತು.

ತಿಂದ ಹಕ್ಕಿ ಕಟ್ಟೆಯ ಮೂಲೆಗೆ ಹೋಗಿ ಕೂತಿತು. ಮೈಥಾ ಅಲುಗಲಿಲ್ಲ. ಅಲುಗಿದರೆ ಎಲ್ಲಿ ಕೆಡುತ್ತದೋ ಎಂಬ ಹೆದರಿಕೆ. ಕಾಲು ಜೋಮು ಹಿಡಿಯಿತು, ಬಿಸಿಲು ಬಲೆ ದಾಟಿ ಬೆನ್ನಿಗೆ ಬಂತು. ಹಕ್ಕಿ ತಿಣುಕಿತು, ಸುಮ್ಮನಾಯಿತು, ಮತ್ತೆ ತಿಣುಕಿತು. ಮಸೀದಿಯ ಮಧ್ಯಾಹ್ನದ ಬಾಂಗ್ ಮುಗಿಯುವ ಹೊತ್ತಿಗೆ ಎದ್ದು ನಿಂತಿತು. ಅದರ ಕಾಲ ಬಳಿ ಇಟ್ಟಿಗೆ ಬಣ್ಣದ ಒದ್ದೆ ಮೊಟ್ಟೆಯೊಂದಿತ್ತು.

ರೀಮ್ ಅವಳನ್ನು ನೋಡಿತು. ತಲೆ ಬಾಗಿಸಿ 'ಚಿಪ್' ಅಂದಿತು. ಆಮೇಲೆ ಮೊಟ್ಟೆ ಬಿಟ್ಟು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಕಾಯುತ್ತ ನಿಂತಿತು. ಇನ್ನು ಕಾವಿಗೆ ಕೂರುವುದು ಗಂಡಿನ ಸರದಿ.

"ಅತ್ತಿಗೆ, ಆಯ್ತಾ? ಹೊರಗೆ ಬಾರೇ!" ಎಂದು ಅಫ್ರಾ ಕಿಂಡಿಯಿಂದ ಪಿಸುಗುಟ್ಟಿದಳು.

ಮೈಥಾ ಕೈಚಾಚಿ ಮೊಟ್ಟೆಯ ಮೇಲೆ ಅಂಗೈ ಮುಚ್ಚಿದಳು. ಅದು ಇನ್ನೂ ಬಿಸಿಯಾಗಿತ್ತು.

"ಬರಕ್ಕಾಗಲ್ಲ ಕಣೇ" ಅಂದಳು.

ರೀಮ್ ಮೈ ಕೊಡವಿ, ಹಾರಿ ಎದುರಿನ ಕಂಬದ ಮೇಲೆ ಕೂತು, ನಿಧಾನಕ್ಕೆ ಕಣ್ಣು ಮುಚ್ಚಿತು.