ಜಾಬ್ ಕಾರ್ಡಿನಲ್ಲಿ ಕುಮುದಿನಿಯ ಮಾತು

ಐವರ್ನಾಡಿನ ಏರಿನಲ್ಲಿ ಕುಮುದಿನಿ ಓಡಿಸುತ್ತಿದ್ದ ಕಾರು ಮತ್ತೆ ನಿಂತಿತು.

ಹಿಂದಿನ ಸೀಟಿನಲ್ಲಿದ್ದ ಅತ್ತೆ ದುಗ್ಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಸುಳ್ಯದಲ್ಲಿ ಒಂಬತ್ತು ಗಂಟೆಗೆ ಅವರ ಡಯಾಲಿಸಿಸ್. ತಡವಾದರೂ ಮುಂದಿನವರ ಸರದಿ ಕಾಯುವುದಿಲ್ಲ. ಅತ್ತೆಗೆ ಸಿಗುವ ನಾಲ್ಕು ಗಂಟೆ ಮೂರಾಗುತ್ತದೆ, ಮರುದಿನ ಕಾಲು ಊದುತ್ತದೆ.

ಬೆಳ್ಳಾರೆಯಿಂದ ವಾರಕ್ಕೆ ಎರಡು ಸಲ ಅವರನ್ನು ಕರೆದೊಯ್ಯಲೆಂದೇ ಮನೆಯವರು ಈ ಹೊಸ ಕಾರು ತೆಗೆದುಕೊಂಡಿದ್ದರು. ಎಂಟು ತಿಂಗಳಲ್ಲಿ ಇದು ಆರನೆಯ ಸಲ. ಏರು ಬಂದಾಗ ಎಂಜಿನ್ ತಾನಾಗಿ ಆಫ್ ಆಗುತ್ತದೆ, ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಹೊರಡುತ್ತದೆ.

ಕುಮುದಿನಿ ಮೊದಲು ನೋಡಿದ್ದು ತನ್ನ ಎಡಗಾಲನ್ನು. ಅದು ಕ್ಲಚ್ಚಿನ ಮೇಲೆ ಇರಲಿಲ್ಲ. ಆದರೂ ಇತ್ತೇನೋ ಎಂದು ಅನುಮಾನವಾಯಿತು. ನಲವತ್ನಾಲ್ಕನೆಯ ವಯಸ್ಸಿನಲ್ಲಿ ಲೈಸನ್ಸ್ ತೆಗೆದವಳು ಅವಳು. ಕಾರು ನಿಂತಾಗಲೆಲ್ಲ ಜನ ಹೇಳಿದ್ದು ಒಂದೇ: ಹೆಂಗಸರ ಕೈಗೆ ಕೊಟ್ಟರೆ ಹೀಗೆಯೇ. ಬೇರೆಯವರು ಹೇಳಿದ್ದನ್ನು ಆರು ಸಲ ಕೇಳಿದ ಮೇಲೆ ಅದು ನಮ್ಮದೇ ಮಾತಿನ ಹಾಗೆ ಒಳಗಿನಿಂದ ಕೇಳತೊಡಗುತ್ತದೆ.

ಆ ಸಂಜೆ ಗಂಡ ಮೇದಪ್ಪ, ಕಾರನ್ನು ಸಿಕ್ಕಿದ ಬೆಲೆಗೆ ಕೊಟ್ಟುಬಿಡುವ ಎಂದರು. ಇನ್ನು ಅಮ್ಮನನ್ನು ಯಾರದಾದರೂ ಬಾಡಿಗೆ ಗಾಡಿಯಲ್ಲಿ ಕರೆದುಕೊಂಡು ಹೋದರಾಯಿತು, ನಿನಗೂ ತಲೆಬಿಸಿ ಇಲ್ಲ ಎಂದರು. ಕುಮುದಿನಿ ಸರಿ ಎಂದಳು. ತನ್ನ ಬಾಯಿಂದ ಅಷ್ಟು ಬೇಗ ಸರಿ ಎಂದು ಬಂದದ್ದೇ ಅವಳನ್ನು ಕುಕ್ಕಿತು.

ಆಗಲೇ ಲೈಲಾ ಬಂದಳು. ಕುಮುದಿನಿಯ ಸ್ವಸಹಾಯ ಗುಂಪಿನವಳು. ತಾಲೂಕು ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿಯೂ ಹೌದು. ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದಳು.

"ಜಾಬ್ ಕಾರ್ಡ್ ಎಷ್ಟು ಉಂಟು?"

ಗಾಡಿಯನ್ನು ರಿಪೇರಿಗೆ ಬಿಡುವಾಗ ವರ್ಕ್‌ಶಾಪಿನವರು ತೊಂದರೆ ಬರೆದು ಕೊಡುವ ಆ ಚೀಟಿ ಒಂದೂ ಇರಲಿಲ್ಲ. ಕಾರು ಮಾರಿದ್ದು ಪುತ್ತೂರಿನ ಶೋರೂಮಿನಲ್ಲಿರುವ ಲತೀಶ, ಮೇದಪ್ಪನ ಅಕ್ಕನ ಮಗ. ತೊಂದರೆ ಆದಾಗಲೆಲ್ಲ ಅವನೇ ಬಂದು, ಊಟ ಮಾಡಿ, ಕಾರು ತೆಗೆದುಕೊಂಡು ಹೋಗಿ, ಸಂಜೆ ತಂದು ನಿಲ್ಲಿಸುತ್ತಿದ್ದ. ಏನು ರಿಪೇರಿ ಮಾಡಿದರೆಂದು ಬರೆದ ಚೀಟಿ ಇಲ್ಲ. ನಮ್ಮವನ ಹತ್ತಿರ ಕಾಗದ ಕೇಳುವುದು ಹೇಗೆ ಎಂದು ಇವರೂ ಸುಮ್ಮನಿದ್ದರು.

"ಸಂಬಂಧ ಊಟಕ್ಕೆ ಸಾಕು ಮೇದಪ್ಪಣ್ಣ, ವಾರಂಟಿಗೆ ಸಾಲುದಿಲ್ಲ" ಎಂದಳು ಲೈಲಾ. "ಕಂಪೆನಿಯ ಲೆಕ್ಕದಲ್ಲಿ ನಿಮ್ಮ ಕಾರು ಒಂದು ಸಲವೂ ನಿಂತೇ ಇಲ್ಲ."

"ಹಾಗಾದ್ರೆ ಎಂತ, ಸೋದರಳಿಯನನ್ನು ಕೋರ್ಟಿಗೆ ಎಳೆಯುದಾ?" ಮೇದಪ್ಪ ಬಿಗುವಾದರು.

ಲತೀಶನ ಮೇಲಲ್ಲ, ದೂರು ಕಾರು ಮಾಡಿದ ಕಂಪೆನಿ ಮತ್ತು ಮಾರಿದ ಡೀಲರ್ ಮೇಲೆ ಎಂದು ಲೈಲಾ ತಿಳಿಸಿದಳು. ಕೋರ್ಟು ಕೊನೆಯ ಮೆಟ್ಟಿಲು. ಮೊದಲು ಜಾಬ್ ಕಾರ್ಡ್. ತೊಂದರೆಯನ್ನು ನಮ್ಮ ಮಾತಿನಲ್ಲೇ ಅದರಲ್ಲಿ ಬರೆಸಬೇಕು, ರಿಪೇರಿ ಆದ ಮೇಲೆ ಏನು ಮಾಡಿದರೆಂಬ ಕಾಗದವನ್ನೂ ಕೇಳಿ ಪಡೆಯಬೇಕು. ಅದೇ ದೋಷ ಮತ್ತೆ ಬಂದರೆ ಇಬ್ಬರಿಗೂ ರಿಜಿಸ್ಟರ್ಡ್ ಪತ್ರ. ಉತ್ತರ ಬಾರದಿದ್ದರೆ ೧೯೧೫ ಎಂಬ ಗ್ರಾಹಕ ಸಹಾಯವಾಣಿ. ಅಲ್ಲಿಯೂ ಆಗದಿದ್ದರೆ ಮಂಗಳೂರಿನಲ್ಲಿರುವ ಜಿಲ್ಲಾ ಗ್ರಾಹಕ ಆಯೋಗ.

"ಹಿಂದಿನ ಐದು ಸಲದ್ದು ಹೋಯ್ತಲ್ಲ" ಎಂದಳು ಕುಮುದಿನಿ.

"ಲತೀಶನಿಗೆ ನೀವು ಹೇಗೆ ಹೇಳ್ತಾ ಇದ್ದದ್ದು?"

ಕೆಲಸದ ಹೊತ್ತಿನಲ್ಲಿ ಫೋನ್ ಮಾಡುವುದು ಸರಿಯಲ್ಲವೆಂದು ಕುಮುದಿನಿ ಪ್ರತಿ ಸಲವೂ ವಾಟ್ಸಾಪಿನಲ್ಲಿ ಬರೆಯುತ್ತಿದ್ದಳು. ನಿಂತ ಜಾಗದ ಫೋಟೋ ಕೂಡ. ದಿನ, ಗಂಟೆ ಎಲ್ಲ ಅಲ್ಲೇ ಇತ್ತು. ಲೈಲಾ ನಕ್ಕಳು. "ನಿಮ್ಮ ದಾಕ್ಷಿಣ್ಯವೇ ನಿಮ್ಮನ್ನು ಉಳಿಸಿತು ಮಾರಾಯ್ರೆ. ಒಂದನ್ನೂ ಅಳಿಸಬೇಡಿ."

ಮರುದಿನ ಲತೀಶ ತಾನೇ ಬರುತ್ತೇನೆಂದ. ಬೇಡ ಮಗ, ಈ ಸಲ ನಾನೇ ತರುತ್ತೇನೆ ಎಂದಳು ಕುಮುದಿನಿ. ಮೇದಪ್ಪ ಒಲ್ಲದ ಮನಸ್ಸಿನಿಂದ ಜೊತೆಗೆ ಪುತ್ತೂರಿಗೆ ಹೋದರು. ವರ್ಕ್‌ಶಾಪಿನ ಸೂಪರ್‌ವೈಸರ್ ಅವಳ ಮಾತು ಮುಗಿಯುವ ಮೊದಲೇ ಜಾಬ್ ಕಾರ್ಡಿನಲ್ಲಿ ಬರೆದ: ಚಾಲಕರು ಕ್ಲಚ್ ಬಳಸುವ ಕ್ರಮ ಸರಿಯಿಲ್ಲ. ಸಹಿಗೆಂದು ಪೆನ್ನು ಕೊಟ್ಟ.

ಕುಮುದಿನಿ ಪೆನ್ನನ್ನು ಮೇಜಿನ ಮೇಲಿಟ್ಟಳು.

"ಇದು ನಿಮ್ಮ ಮಾತು. ನಾನು ಹೇಳಿದ್ದನ್ನು ಬರೆಯಿರಿ. ಏರಿನಲ್ಲಿ ಎಂಜಿನ್ ತಾನೇ ಆಫ್ ಆಗ್ತದೆ. ಆರು ಸಲ ಆಗಿದೆ. ನಂಬಿಕೆ ಇಲ್ಲದಿದ್ರೆ ನೀವೇ ಓಡಿಸಿ ನೋಡಿ, ನಾನು ಪಕ್ಕದಲ್ಲಿ ಕೂತ್ಕೊಳ್ತೇನೆ."

ಹೊರಟರು. ಮೊದಲ ಏರನ್ನು ಕಾರು ಸಲೀಸಾಗಿ ಹತ್ತಿತು, ಎರಡನೆಯದನ್ನೂ. ಹಿಂದೆ ಕುಳಿತ ಮೇದಪ್ಪ ಗಂಟಲು ಸರಿಪಡಿಸಿಕೊಂಡರು. ಮೂರನೆಯ ಏರಿನ ನಡುವೆ ಕಾರು ಒಮ್ಮೆ ಜಗ್ಗಿ ನಿಂತಿತು. ಸೂಪರ್‌ವೈಸರ್ ತನ್ನ ಎಡಗಾಲನ್ನು ನೋಡಿಕೊಂಡ.

ಕುಮುದಿನಿಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಎಂಟು ತಿಂಗಳಿಂದ ಎದೆಯ ಮೇಲೆ ಕೂತಿದ್ದದ್ದು ಆ ಏರಿನಲ್ಲಿ ಇಳಿದುಹೋಯಿತು.

ಸೂಪರ್‌ವೈಸರ್ ಅವಳು ಹೇಳಿದಂತೆಯೇ ಬರೆದುಕೊಟ್ಟ, ಅವಳು ಸಹಿ ಹಾಕಿದಳು. ಆದರೆ ಅಷ್ಟಕ್ಕೇ ಎಲ್ಲ ಮುಗಿಯಲಿಲ್ಲ. ಪಂಪು ಬದಲಾಯಿಸಿದರು, ವಯರು ಬದಲಾಯಿಸಿದರು. ಕಾರು ಇನ್ನೂ ಮೂರು ಸಲ ನಿಂತಿತು. ಪ್ರತಿ ಸಲಕ್ಕೂ ಈಗ ಜಾಬ್ ಕಾರ್ಡ್ ಇತ್ತು. ಪತ್ರಗಳಿಗೆ ಉತ್ತರ ಬರಲಿಲ್ಲ, ಸಹಾಯವಾಣಿಯಿಂದಲೂ ಆಗಲಿಲ್ಲ. ಲೈಲಾಳ ನೆರವಿನಿಂದ ಮನೆಯಲ್ಲೇ ಕುಳಿತು ಇ-ಜಾಗೃತಿ ಪೋರ್ಟಲಿನಲ್ಲಿ ಆಯೋಗಕ್ಕೆ ದೂರು ಸಲ್ಲಿಸಿದರು. ವಕೀಲರು ಬೇಕೆಂದೇನೂ ಇರಲಿಲ್ಲ.

ದೂರು ಕೊಡುವ ಮೊದಲು ಮೇದಪ್ಪ ಮತ್ತೆ ಅಳುಕಿದರು. ಅಕ್ಕ ಏನೆಂದುಕೊಂಡಾಳು ಎಂದರು. ದುಗ್ಗಮ್ಮ ಮಗನ ಕಡೆ ತಿರುಗಿದರು.

"ಲತೀಶ ನನ್ನ ಮೊಮ್ಮಗನೇ. ಮಾರ್ಗದ ಬದಿಯಲ್ಲಿ ಕೂತು ಕಾಯುವವಳೂ ನಾನೇ ಅಲ್ವಾ? ಹಾಕಿ ದೂರು. ಮಗಳ ಹತ್ತಿರ ನಾನು ಮಾತಾಡ್ತೇನೆ."

ನೋಟಿಸ್ ಹೋದ ಮೇಲೆ ಕಂಪೆನಿಯ ಎಂಜಿನಿಯರ್ ಬಂದ, ತಯಾರಿಕೆಯಲ್ಲೇ ದೋಷವಿದೆಯೆಂದು ಬರೆದುಕೊಟ್ಟ. ಆಯೋಗದ ಮಧ್ಯಸ್ಥಿಕೆಯಲ್ಲಿ ಕಾರು ಬದಲಿಸಿಕೊಡಲು ಕಂಪೆನಿ ಒಪ್ಪಿತು. ಹೊಸ ಕಾರನ್ನು ಮನೆಗೆ ತಂದವನು ಲತೀಶನೇ. ಕಾಗದ ಬೇಡವೆಂದು ಮೇಲಿನವರೇ ಹೇಳುತ್ತಿದ್ದರು ಅತ್ತೆ, ನೀವು ಬರೆಸಿದ ಮೇಲೆ ನನಗೂ ಉಸಿರು ಬಂತು ಎಂದು ಕುಮುದಿನಿಗೆ ಹೇಳಿದ. ಅವತ್ತೂ ಊಟ ಮಾಡಿಯೇ ಹೋದ.

ಮೇದಪ್ಪ ಕೀಲಿ ಹಿಡಿದು ಚಾಲಕನ ಬಾಗಿಲ ಬಳಿ ನಿಂತರು. ಒಳಗೆ ಕುಳಿತಾಗಿದ್ದ ದುಗ್ಗಮ್ಮ ಕಿಟಕಿಯಿಂದ ಕೈ ಹೊರಚಾಚಿದರು. "ಕೀಲಿ ಕುಮುದಿನಿಗೆ ಕೊಡು. ನನಗೆ ಅವಳು ಓಡಿಸಿಯೇ ಅಭ್ಯಾಸ."

ಓದುತ್ತಿರುವ ಅಕ್ಕ, ತಂಗಿ, ಅಣ್ಣಂದಿರೇ, ನಿಮ್ಮ ಗಾಡಿಯಲ್ಲೂ ಒಂದೇ ತೊಂದರೆ ಮತ್ತೆ ಮತ್ತೆ ಬರುತ್ತಿದೆಯೇ? ದೋಷ ಸಾಬೀತಾದರೆ ಉಚಿತ ರಿಪೇರಿ, ಬದಲಿ ಗಾಡಿ, ಹಣ ವಾಪಸು ಅಥವಾ ಪರಿಹಾರ ಕೊಡಿಸುವ ಅಧಿಕಾರ ಗ್ರಾಹಕ ಆಯೋಗಕ್ಕೆ ಉಂಟು. ಎಲ್ಲರಿಗೂ ಹೊಸ ಗಾಡಿಯೇ ಸಿಗುತ್ತದೆಂದಲ್ಲ. ನಿಮ್ಮ ಕೈಯಲ್ಲಿರುವ ಕಾಗದ ಏನು ಹೇಳುತ್ತದೆ ಎಂಬುದು ಮುಖ್ಯ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಆಯೋಗಕ್ಕೆ ಹೋಗಬೇಕು. ಐದು ಲಕ್ಷದವರೆಗಿನ ಗಾಡಿಗೆ ಶುಲ್ಕವೂ ಇಲ್ಲ. ಗೊತ್ತಾಗದಿದ್ದರೆ ೧೯೧೫ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ತಾಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

ಶೋರೂಮಿನವರು ನಿಮ್ಮ ನೆಂಟರೇ ಇರಬಹುದು, ಊಟ ಹಾಕಿ ಕಳುಹಿಸಿ. ಆದರೆ ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತು ಬರುವವರೆಗೆ ಸಹಿ ಹಾಕಬೇಡಿ. ಗಾಡಿಯ ತಪ್ಪನ್ನು ನಿಮ್ಮ ಕಾಲಿನ ಮೇಲೆ ಹೊತ್ತುಕೊಳ್ಳಬೇಡಿ.