ಹಾಲಿನ ಮೇಲಿನ ಅಪವಾದ

ನಮ್ಮ ಮನೆಯ ಮಾಳಿಗೆಯ ಮೇಲೆ ಬಿಸಿಲು ಎರಡು ಪಾಲಾಗಿತ್ತು. ಮೂಡಣದ ಪಾಲು ದೊಡ್ಡಮ್ಮ ನಬವಿಯ್ಯಳದು, ಪಡುವಣದ್ದು ನನ್ನ ಅಮ್ಮ ಇನ್ಸಾಫಳದು. ನಮ್ಮ ಊರು ಅಖ್ಮೀಮಿನಲ್ಲಿ ರೊಟ್ಟಿಯ ಹಿಟ್ಟು ಒಲೆಗೆ ಹೋಗುವ ಮುಂಚೆ ಬಿಸಿಲಲ್ಲಿ ಕೂತು ಉಬ್ಬಬೇಕು. ಉಬ್ಬದಿದ್ದರೆ ಆ ಮನೆಯ ಹೆಂಗಸಿನ ಮಾನ ಬೀದಿಗೆ ಬಂದಂತೆ. ಹಾಗಾಗಿ ಬಿಸಿಲಿಗೂ ಜಗಳ. ಜಗಳವೆಂದರೆ ಮುಖ ಕೊಟ್ಟು ಆಡುವುದಲ್ಲ. ಈ ಇಬ್ಬರು ಓರಗಿತ್ತಿಯರು ನಾನು ತೊಟ್ಟಿಲಲ್ಲಿದ್ದಾಗಲೇ ಮಾತು ಬಿಟ್ಟವರು. ಏನಿದ್ದರೂ ಮನೆಯಲ್ಲಿ ಸಾಕಿದ ಬಾತುಕೋಳಿಯ ಮೂಲಕ.

"ಏ ಬಾತು, ಕೆಲವರ ಹಿಟ್ಟಿನ ತಟ್ಟೆ ಗೆರೆ ದಾಟಿ ಬಂದಿದೆ ಅಂತ ಹೇಳು," ಎನ್ನುತ್ತಾಳೆ ದೊಡ್ಡಮ್ಮ.

"ಏ ಬಾತು, ಗೆರೆ ಎಳೆದೋರು ಯಾರು ಅಂತ ಕೇಳು. ಸೂರ್ಯನ್ನ ಅವರಪ್ಪ ತವರಿಂದ ಕೊಟ್ಟು ಕಳಿಸಿದ್ನಾ ಅಂತಾನೂ ಕೇಳು."

ಹಬ್ಬಕ್ಕೆ ಆ ಬಾತನ್ನು ಕೊಯ್ದರೆ ಮರುದಿನದಿಂದ ಇನ್ನೊಂದು ಬಾತಿಗೆ ಅದೇ ಕೆಲಸ.

ಜಗಳದ ಮೂಲ ನಾನೇ, ನಗ್ಲಾ. ನಾನು ಹುಟ್ಟಿದ ಕೂಡಲೇ ತಾತ ನನ್ನನ್ನು ದೊಡ್ಡಮ್ಮನ ಮಗ ರಗಬ್‌ಗೆ ಎಂದು ಫಾತಿಹಾ ಪ್ರಾರ್ಥನೆ ಓದಿ ಮಾತು ಕೊಟ್ಟುಬಿಟ್ಟ. ನಮ್ಮಲ್ಲಿ ಅಣ್ಣತಮ್ಮಂದಿರ ಮಕ್ಕಳ ನಡುವೆ ಮದುವೆ ಮಾಡುವುದೇ ವಾಡಿಕೆ. ನಾವು ನೇಕಾರರು, ಹೀಗಾದರೆ ಮಗ್ಗವೂ ಮನೆಯೂ ಹೊರಗೆ ಹೋಗುವುದಿಲ್ಲ. ಅದೇ ವಾರ ಅಮ್ಮನಿಗೆ ಬಾಣಂತಿ ಜ್ವರ ಏರಿತು. ಅವಳನ್ನು ನದಿಯಾಚೆ ಸೊಹಾಗ್‌ನ ಆಸ್ಪತ್ರೆಗೆ ಎತ್ತಿಕೊಂಡು ಹೋದರು. ಮನೆಯಲ್ಲಿ ಹಸಿದ ನಾನು ಉಳಿದೆ. ರಗಬ್‌ಗೆ ಹಾಲೂಡುತ್ತಿದ್ದ ದೊಡ್ಡಮ್ಮ ನನ್ನನ್ನೂ ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು. ಒಂದೇ ಎದೆಯ ಹಾಲು ಕುಡಿದವರು ಧರ್ಮದ ಪ್ರಕಾರ ಒಡಹುಟ್ಟಿದವರು, ಅವರಿಗೆ ಮದುವೆ ಸಲ್ಲದು. ಅಮ್ಮ ಆಸ್ಪತ್ರೆಯಿಂದ ಬಂದ ದಿನ, ಊಟಕ್ಕೆ ಕೂತ ಗಂಡಸರೆಲ್ಲರ ಮುಂದೆ ದೊಡ್ಡಮ್ಮ ಸಾರಿದಳು: "ಹೊಟ್ಟೆ ತುಂಬ ಕುಡಿಸಿದೀನಿ. ಇವಳೀಗ ನನ್ನ ಮಗಳು, ರಗಬ್‌ಗೆ ತಂಗಿ."

"ಮೇಕೆ ಹಾಲಿರಲಿಲ್ವಾ? ಔಷಧದಂಗಡಿಲಿ ಡಬ್ಬಿ ಇರಲಿಲ್ವಾ?" ಎಂದು ಅಮ್ಮ ಇವತ್ತಿಗೂ ಕೇಳುತ್ತಾಳೆ. "ಅವಳ ಕಣ್ಣು ಅವಳಣ್ಣನ ಮಗಳ ಮೇಲೆ. ಆ ಹುಡುಗಿ ಮೇಲೂ ಅಲ್ಲ, ಅವರ ಹಿಟ್ಟಿನ ಗಿರಣಿ ಮೇಲೆ."

"ಮಗು ತುಟಿ ನೀಲಿಗಟ್ಟಿತ್ತು," ಎನ್ನುತ್ತಾಳೆ ದೊಡ್ಡಮ್ಮ. ಇಬ್ಬರದೂ ನಿಜವಿರಬಹುದು. ರಗಬ್ ಮುಂದೆ ಗಿರಣಿಯ ಮನೆಯ ಅಳಿಯನೇ ಆದ. ನನಗೇನೂ ಬೇಸರವಿಲ್ಲ, ಅವನು ಗೊರಕೆ ಹೊಡೆದರೆ ಹೊಲದ ನೀರಿನ ಪಂಪು ಓಡಿದ ಹಾಗಿರುತ್ತದೆ. ಆದರೆ ಆಮೇಲೆ ನನಗೆ ಬಂದ ಸಂಬಂಧಗಳನ್ನೆಲ್ಲ ಒಂದೊಂದು ನೆಪ ಹೇಳಿ ಅಮ್ಮ ಓಡಿಸಿದಳು. ಒಂದು ಸಲ ಮಗಳನ್ನು ಕಸಿದುಕೊಂಡರಲ್ಲ, ಇನ್ನೊಂದು ಸಲ ಕೊಡಲಾರೆ ಎಂಬ ಹಟ.

ಹೋದ ವರ್ಷ ರಮಜಾನಿಗೆ ಮುಂಚೆ ದೊಡ್ಡಮ್ಮ ಒಂದೇ ಕೈಯಲ್ಲಿ ಹಿಟ್ಟು ನಾದುವುದನ್ನು ಕಂಡೆ. ಅಮ್ಮ ಮಾಳಿಗೆಯಲ್ಲಿದ್ದ ಹೊತ್ತು ನೋಡಿ ಕೆಳಗೆ ಅವಳ ಅಡುಗೆಮನೆಗೆ ಇಳಿದೆ.

"ಕೈಗೇನಾಯ್ತು ದೊಡ್ಡಮ್ಮ?"

"ಕೈಗೇನೂ ಆಗಿಲ್ಲ." ಅವಳು ಕದ ಮುಂದೆ ಮಾಡಿ, ನನ್ನ ಕೈ ಹಿಡಿದು ತನ್ನ ಗಲಾಬಿಯ್ಯ ನಿಲುವಂಗಿಯ ಕೊರಳೊಳಗೆ ತೂರಿಸಿದಳು. ಮೆಂತ್ಯ ಅರೆದು ಕಟ್ಟಿದ ಬಟ್ಟೆ, ಅದರಡಿ ಖರ್ಜೂರದ ಬೀಜದಂಥ ಒಂದು ಗಟ್ಟಿ ಗಂಟು. ಒತ್ತಿದರೂ ಜರುಗದು. ತೋಳೆತ್ತಿದಾಗ ಅದರ ಮೇಲಿನ ಚರ್ಮ ಒಳಕ್ಕೆ ಗುಳಿ ಬೀಳುತ್ತಿತ್ತು.

"ನೋವಿಲ್ಲ ಕಣೇ. ಕಟ್ಟಿದ ಬಟ್ಟೆ ಜಾರಬಾರದು ಅಂತ ಆ ಕೈ ಆಡಿಸಲ್ಲ, ಅಷ್ಟೆ. ನೋವೇ ಇಲ್ಲದ್ದು ಏನು ಮಾಡೀತು?"

"ನೋವಿಲ್ಲದ ಗಂಟನ್ನೇ ಬೇಗ ತೋರಿಸಬೇಕಂತೆ. ಆರೋಗ್ಯ ಕೇಂದ್ರದ ಅಂಗಳಕ್ಕೆ ಹೆಂಗಸರ ತಪಾಸಣೆ ಬಸ್ಸು ಬಂದಿದೆ, ನಡಿ."

"ಬಸ್ಸಲ್ಲಿ ಎದೆ ಬಿಚ್ಕೊಂಡು ನಿಂತ್ಕೊಳ್ಳಲಾ? ಮೂರು ಗಂಡು ಹೆತ್ತೋಳು ನಾನು. ಇಂಥದ್ದನ್ನ ಅವರ ಮುಂದೆ ಏನಂತ ಹೇಳ್ಲಿ? ದೇವರು ಕೊಟ್ಟಿದ್ದು, ದೇವರೇ ತಗೋತಾನೆ. ನೀನು ಬಾಯಿ ಬಿಟ್ಟೆಯೋ, ಜೋಕೆ!"

ನಾನು ಬಾಯಿ ಬಿಡಬೇಕಾಗಿ ಬರಲಿಲ್ಲ. ಕದ ದೂಡಿಕೊಂಡು ಅಮ್ಮ ಬಂದಳು. ಯಾವಾಗ ಮೆಟ್ಟಿಲಿಳಿದಿದ್ದಳೋ! ಕೈಯೆಲ್ಲ ಹಿಟ್ಟು. ಬಾತಿನ ಹಂಗೂ ಇಲ್ಲದೆ, ನೇರ ದೊಡ್ಡಮ್ಮನ ಮುಖಕ್ಕೆ ಮುಖ ಕೊಟ್ಟು ಕೇಳಿದಳು: "ಯಾವ ಮೊಲೆ?"

ದೊಡ್ಡಮ್ಮ ನಿಲುವಂಗಿಯ ಕೊರಳು ಬಿಗಿದುಕೊಂಡಳು. "ನಿನಗ್ಯಾಕೆ?"

"ಯಾವ ಮೊಲೆ ಅಂದೆ! ಎಡದ್ದಾ? ನನ್ನ ಮಗಳಿಗೆ ಕುಡಿಸಿದ್ದು ಅದೇ ಅಲ್ವಾ? ರಗಬ್ ಬಲಕ್ಕೆ, ಇವಳು ಎಡಕ್ಕೆ, ಇಡೀ ಓಣಿ ಹೇಳಿದೆ ನನಗೆ. ಏನೇ ಕುಡಿಸಿದೆ ನನ್ನ ಮಗೂಗೆ? ಆ ಕೆಟ್ಟದ್ದು ಅವತ್ತೇ ಇತ್ತಾ ನಿನ್ನೊಳಗೆ?"

"ನಾಲಿಗೆ ಬಿಗಿ ಹಿಡಿ, ಇನ್ಸಾಫ್!"

"ಮಗಳನ್ನ ಕದ್ದೆ, ಸಾಲಲಿಲ್ಲ. ವಿಷಾನೂ ಹಾಕಿ ಕಳಿಸಿದೀಯ! ಬಾರೇ ನಗ್ಲಾ, ಬಸ್ಸಿಗೆ. ಇವಳು ಸಾಯ್ಲಿ ಇಲ್ಲೇ, ನಿನ್ನನ್ನ ಸಾಯೋಕೆ ಬಿಡಲ್ಲ ನಾನು."

ಅಮ್ಮ ನನ್ನ ರಟ್ಟೆ ಹಿಡಿದು ಎಳೆದಳು. ದೊಡ್ಡಮ್ಮನ ಮುಖ ಬೂದಿಯಾಗಿತ್ತು. ಸಾವಿನ ಮಾತಿಗೆ ಅವಳು ಜಗ್ಗಿರಲಿಲ್ಲ, ಗಂಟಿಗೂ ಜಗ್ಗಿರಲಿಲ್ಲ. ಹಾಲಿನ ಮಾತಿಗೆ ಎದ್ದಳು. ಗೂಟದಲ್ಲಿದ್ದ ಕಪ್ಪು ಹೊದಿಕೆ ಎಳೆದುಕೊಂಡು ಹೊಸ್ತಿಲಿಗೆ ನಮಗಿಂತ ಮೊದಲೇ ಬಂದಳು.

"ನಾನೂ ಬರ್ತೀನಿ. ಡಾಕ್ಟರ ಮುಂದೆ ಹೇಳು ಅದೇ ಮಾತು. ನನ್ನ ಹಾಲಲ್ಲಿ ವಿಷ ಇತ್ತು ಅಂತ ಅವರು ಅಂದ್ರೆ ನಾನು ನಿನ್ನ ಕಾಲಿಗೆ ಬೀಳ್ತೀನಿ. ಇಲ್ಲ ಅಂದ್ರೆ ನೀನು ಇದೇ ಬೀದೀಲಿ ನನ್ನ ಹಾಲು ಒಳ್ಳೇದು ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳ್ಬೇಕು."

ಓಣಿಯುದ್ದಕ್ಕೂ ಒಬ್ಬಳು ಆ ಗೋಡೆಗೆ, ಒಬ್ಬಳು ಈ ಗೋಡೆಗೆ, ನಡುವೆ ನಾನು. ಜನ ಕಿಟಕಿಯಿಂದ ತಲೆ ಹಾಕಿ ನೋಡಿದರು. ಈ ಇಬ್ಬರು ಒಂದೇ ದಿಕ್ಕಿಗೆ ನಡೆದದ್ದನ್ನು ಯಾರೂ ಕಂಡಿರಲಿಲ್ಲ.

ಬಸ್ಸಿನಲ್ಲಿದ್ದ ಡಾಕ್ಟರ್ ಮಗ್ದಾ ಕುಳ್ಳಗಿನ, ದಣಿದ ಹೆಂಗಸು. ಅಮ್ಮ ನನ್ನನ್ನು ಮುಂದಕ್ಕೆ ನೂಕಿದಳು. "ಇವಳನ್ನ ಯಂತ್ರಕ್ಕೆ ಹಾಕಿ. ಇವಳು ಅವಳ ಹಾಲು ಕುಡಿದಿದಾಳೆ, ಅವಳಿಗೆ ಆ ರೋಗ ಇದೆ."

"ಯಾರಿಗಿದೆ ಅಂತ ನೀನೇ ಹೇಳಿಬಿಟ್ಟರೆ ನಾನ್ಯಾಕೆ ಇಲ್ಲಿ?" ಎಂದರು ಡಾಕ್ಟರು. "ಹಾಲಿಂದ ಈ ರೋಗ ಬರಲ್ಲ ತಾಯಿ. ಹೆತ್ತ ತಾಯಿಗೆ, ಒಡಹುಟ್ಟಿದ ಅಕ್ಕತಂಗೀರಿಗೆ ಇದ್ದರೆ ನಾವು ಕೇಳ್ತೀವಿ, ಅದು ರಕ್ತದ ಮಾತು. ಹಾಲು ಕೊಟ್ಟವಳಿಂದ ಏನೂ ಬರಲ್ಲ. ಈ ಹುಡುಗಿ ವಯಸ್ಸಿಗೆ ಯಂತ್ರಾನೂ ಬೇಡ. ಏನಾದರೂ ಬದಲಾವಣೆ ಕಂಡರೆ ಬಂದು ತೋರಿಸ್ಲಿ, ಸಾಕು."

"ಕೇಳಿಸ್ತಾ?" ದೊಡ್ಡಮ್ಮನ ದನಿ ಬಸ್ಸಿನ ತಗಡು ನಡುಗುವಷ್ಟಿತ್ತು. "ಕೇಳಿಸ್ತೇನೇ? ನನ್ನ ಹಾಲಿಗೆ ದೋಷ ಇಲ್ಲ! ಈಗ ಬೀದಿಗೆ ಬಾ." ಅವಳು ಹೊದಿಕೆ ಸರಿಮಾಡಿಕೊಂಡು ಹೊರಟೇಬಿಟ್ಟಳು.

"ನೀವೆಲ್ಲಿಗೆ?" ಡಾಕ್ಟರು ಮೆಟ್ಟಿಲಿಗೆ ಅಡ್ಡ ನಿಂತರು. "ಹಾಲಿನ ಮಾತು ಮುಗೀತು. ಗಂಟಿನ ಮಾತು ಇನ್ನೂ ಶುರುವೇ ಆಗಿಲ್ಲ."

ಎಕ್ಸ್‌ರೇ ಯಂತ್ರದ ಎರಡು ಹಲಗೆಗಳ ನಡುವೆ ಎದೆ ಅಮುಕಿದಾಗ ದೊಡ್ಡಮ್ಮ ನಮ್ಮ ಊರಿನ ಬೈಗುಳಗಳನ್ನೆಲ್ಲ ಯಂತ್ರಕ್ಕೆ ಒಪ್ಪಿಸಿದಳು. ಆಮೇಲೆ ಸ್ಕ್ಯಾನು. ಪರದೆ ನೋಡಿದ ಡಾಕ್ಟರು ಚೀಟಿ ಬರೆದರು. ಸೊಹಾಗ್‌ನ ಆಸ್ಪತ್ರೆಗೆ ಬರಬೇಕು, ಸೂಜಿ ಹಾಕಿ ಒಂದು ಚೂರು ತೆಗೆದು ನೋಡಬೇಕು ಎಂದರು.

"ಸೂಜಿ ಚುಚ್ಚಿದ್ರೆ ಅದು ಎದ್ದು ಮೈಯೆಲ್ಲ ಹರಡುತ್ತೆ. ನಮ್ಮ ಗಿರಣಿ ಅತ್ತಿಗೆಗೆ ಹಂಗೇ ಆಯ್ತು."

"ಸೂಜಿಯಿಂದ ಹರಡಲ್ಲ. ನಿಮ್ಮ ಅತ್ತಿಗೆ ಎಷ್ಟು ಕಾಲ ಮುಚ್ಚಿಟ್ಟುಕೊಂಡು ಕೂತಿದ್ದರು, ಅದನ್ನ ಕೇಳಿ."

ದೊಡ್ಡಮ್ಮ ಆಗಲ್ಲ ಎಂದು ತಲೆಯಾಡಿಸಿದಳು. ಮೂಲೆಯಲ್ಲಿ ನಿಂತಿದ್ದ ಅಮ್ಮ ನಕ್ಕಳು. ಕೆಟ್ಟ ನಗೆ.

"ಬಿಡಿ ಡಾಕ್ಟರೇ. ಮನೆ ತುಂಬ ಗಂಡಸರ ಮುಂದೆ ನನ್ನ ಮಗಳನ್ನ ತನ್ನದು ಅಂತ ಸಾರಿದ ಹೆಣ್ಣು ಇದು. ಒಂದು ಸೂಜಿಗೆ ಉಚ್ಚೆ ಹೊಯ್ಕೋತಾಳೆ. ನಾನು ಓಣಿಯೆಲ್ಲ ಹೇಳ್ಕೊಂಡು ನಗ್ತೀನಿ."

ಎರಡು ದಿನ ಬಿಟ್ಟು ದೊಡ್ಡಮ್ಮ ನನ್ನ ಜೊತೆ ದೋಣಿ ಹತ್ತಿ ಸೊಹಾಗ್‌ಗೆ ಹೋಗಿ ಸೂಜಿ ಹಾಕಿಸಿಕೊಂಡಳು. ಕಣ್ಣು ಮುಚ್ಚಲಿಲ್ಲ. "ಹೋಗಿ ಹೇಳು ನಿಮ್ಮಮ್ಮನಿಗೆ," ಅಂದಳು, ಅಷ್ಟೆ.

ಉತ್ತರ ಬಂತು: ಅದೇ. ಆದರೆ ಚಿಕ್ಕದು, ಬೇಗ ಸಿಕ್ಕಿದ್ದು, ಕಂಕುಳಿಗೆ ಇಳಿದಂತೆ ಕಾಣುವುದಿಲ್ಲ. ಡಾಕ್ಟರ್ ಮಗ್ದಾ ಸೊಹಾಗ್‌ನಲ್ಲಿ ದೊಡ್ಡಮ್ಮನನ್ನೂ ದೊಡ್ಡಪ್ಪ ಖಲಾಫನನ್ನೂ ನನ್ನನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಗಂಟನ್ನೂ ಸುತ್ತಲಿನ ಸ್ವಲ್ಪ ಭಾಗವನ್ನೂ ತೆಗೆದು ಎದೆ ಉಳಿಸಬಹುದು. ಆದರೆ ಆಮೇಲೆ ಅಸ್ಯೂತ್‌ಗೆ ಹೋಗಿ ವಾರಗಟ್ಟಲೆ ಕಿರಣ ಹಾಯಿಸಿಕೊಳ್ಳಲೇಬೇಕು. ಇಲ್ಲವೇ ಇಡೀ ಎದೆ ತೆಗೆಯುವುದು. ಆಗ ಬಹುಶಃ ಕಿರಣ ಬೇಕಾಗದು. ಬದುಕಿನ ಮಟ್ಟಿಗೆ ಎರಡೂ ಒಂದೇ. ಹೇಗಿದ್ದರೂ ಆಮೇಲೆ ವರ್ಷಗಟ್ಟಲೆ ಮಾತ್ರೆ. "ಮೈ ನಿಮ್ಮದು, ಆಯ್ಕೆ ನಿಮ್ಮದು," ಎಂದರು.

ಮೈ ಅವಳದು ಎಂಬ ಮಾತು ದೊಡ್ಡಪ್ಪನ ಕಿವಿಗೆ ಹೋದಂತೆ ಕಾಣಲಿಲ್ಲ. ಮನೆಗೆ ಬಂದು, ಮಗ್ಗದ ಮುಂದೆ ಕೂತು, ಅವನೇ ತೀರ್ಮಾನ ಹೇಳಿದ: "ಪೂರಾ ತೆಗೆಸಿಬಿಡು. ಈ ವಯಸ್ಸಲ್ಲಿ ಯಾರಿಗೆ ಬೇಕು ಅದು? ದಿನಾ ರೈಲು ಹತ್ತಿ ಅಸ್ಯೂತ್‌ಗೆ ಯಾರು ಓಡಾಡ್ತಾರೆ? ನನಗೆ ಮಗ್ಗ ಇದೆ, ರಗಬ್‌ಗೆ ಗಿರಣಿ ಇದೆ. ಸೊಸೆಯಂದಿರು ಮಕ್ಕಳನ್ನ ಬಿಟ್ಟು ಬರಲ್ಲ."

ದೊಡ್ಡಮ್ಮ ಒಲೆಯ ಬೂದಿ ಕೆದಕುತ್ತಿದ್ದಳು. "ಸರಿ, ತೆಗೀಲಿ," ಎಂದಳು. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅವಳಿಗೆ ಆಸೆಯಿತ್ತು. ದೋಣಿಯಲ್ಲಿ ಬರುವಾಗ ನನ್ನನ್ನು ಕೇಳಿದ್ದಳು, ಉಳಿಸ್ತಾರಂತಲ್ಲೇ, ನಿಜವಾಗ್ಲೂ ಉಳಿಸ್ತಾರಾ ಎಂದು.

ಮೆಟ್ಟಿಲ ಮೇಲಿಂದ ಅಮ್ಮನ ದನಿ ಬಂತು. ಈ ಸಲ ಬಾತಿಗೆ.

"ಏ ಬಾತು, ನೋಡಿದ್ಯಾ? ನನ್ನ ಮಗಳನ್ನ ಕಸಿದ ಮೊಲೆ ಕಸಾಯಿ ಕತ್ತಿಗೆ ಹೋಗುತ್ತೆ. ನಾನು ಕೇಳ್ಕೊಂಡಿದ್ದು ದೇವರಿಗೆ ಕೇಳಿಸ್ತು."

ಬೂದಿಯ ಕೋಲು ಠಣ್ಣೆಂದು ನೆಲಕ್ಕೆ ಬಿತ್ತು. ದೊಡ್ಡಮ್ಮ ಅಂಗಳದ ನಡುವೆ ಬಂದು, ತಲೆಯೆತ್ತಿ, ಎಡಗೈಯಿಂದ ಆ ಎದೆಯನ್ನೇ ಹಿಡಿದುಕೊಂಡಳು.

"ಹೋಗಲ್ಲ! ಇದು ಇಲ್ಲೇ ಇರುತ್ತೆ. ದಿನಾ ಬೆಳಿಗ್ಗೆ ನೀನು ಮಾಳಿಗೆಗೆ ಬಂದಾಗ ನಿನ್ನ ಕಣ್ಣೆದುರಿಗೇ ಇರುತ್ತೆ. ಇದರ ಹಾಲು ಕುಡಿದು ನಿನ್ನ ಮಗಳು ಬದುಕಿದ್ದು, ಅದನ್ನ ನೀನು ದಿನಾ ನೋಡ್ಬೇಕು. ಖಲಾಫ್, ಡಾಕ್ಟರಿಗೆ ಹೇಳು, ಗಂಟು ಮಾತ್ರ."

"ಅಸ್ಯೂತ್‌ಗೆ ಯಾರೇ ಬರ್ತಾರೆ?"

"ನಾನು ಹೋಗ್ತೀನಿ," ಎಂದೆ.

ಅಮ್ಮ ಮೆಟ್ಟಿಲಿಳಿದು ಬಂದ ರಭಸಕ್ಕೆ ಕೆನ್ನೆಗೆ ಬೀಳುತ್ತದೆ ಅಂದುಕೊಂಡೆ. "ನೀನು ಯಾರೇ ಹೋಗೋಕೆ? ಅವಳು ನಿನಗೇನಾಗ್ಬೇಕು?"

"ಅದನ್ನ ನೀನೇ ಹೇಳಮ್ಮ. ಅವಳು ನನಗೇನೂ ಆಗಲ್ಲ ಅಂದ್ರೆ, ಆ ಹಾಲಿಗೆ ಲೆಕ್ಕ ಇಲ್ಲ. ಲೆಕ್ಕ ಇಲ್ಲ ಅಂದ್ರೆ ನಾನು ರಗಬ್‌ನ ಮದುವೆ ಆಗಬಹುದಿತ್ತು. ನೀನ್ಯಾಕೆ ಆವತ್ತು ಜಗಳ ಮಾಡಿ ಮದುವೆ ಮಾಡಿಸಲಿಲ್ಲ? ಆಗಲ್ಲ ಅಂತ ನೀನೂ ಒಪ್ಕೊಂಡೆ ತಾನೇ? ಹಂಗಾದ್ರೆ ಅವಳು ನನ್ನ ತಾಯಿ. ತಾಯಿ ಜೊತೆ ಆಸ್ಪತ್ರೆಗೆ ಮಗಳು ಹೋಗದೆ ಬಾತು ಹೋಗುತ್ತಾ?"

ದೊಡ್ಡಪ್ಪ ಕೆಮ್ಮಿದ. ಇಷ್ಟು ವರ್ಷ ಅಮ್ಮ ಹೊತ್ತು ತಿರುಗಿದ ದೂರಿನೊಳಗೇ ಈ ಮಾತಿತ್ತು, ತೆಗೆದು ಅವಳ ಮುಂದಿಟ್ಟಿದ್ದೆ. ಅವಳು ತಿರುಗಿ ಮೇಲೆ ಹೋಗಿ ಕದವನ್ನು ಗೋಡೆ ಉದುರುವ ಹಾಗೆ ಬಡಿದಳು.

ಗಂಟು ತೆಗೆದರು. ಕಂಕುಳಿಂದ ಒಂದೆರಡು ಗ್ರಂಥಿ ತೆಗೆದು ಪರೀಕ್ಷೆಗೆ ಕಳಿಸಿದರು, ಅವು ಶುದ್ಧವಾಗಿದ್ದವು. ಗಾಯ ಮಾಗಿದ ಮೇಲೆ ಅಸ್ಯೂತ್ ಶುರುವಾಯಿತು. ಮೊದಲ ದಿನ ನಾವು ಹೊರಟಾಗ ಮೇಲಿನ ಕಿಟಕಿಯಿಂದ ಬಟ್ಟೆಯ ಗಂಟೊಂದು ನನ್ನ ಕಾಲ ಬಳಿ ಧೊಪ್ಪೆಂದು ಬಿತ್ತು. ಒಳಗೆ ಬಿಸಿ ರೊಟ್ಟಿ, ಉಪ್ಪಿನ ಚೀಸು, ಹಸಿ ಈರುಳ್ಳಿ.

"ಏ ಬಾತು, ಆ ರೊಟ್ಟಿ ನನ್ನ ಮಗಳಿಗೆ ಅಂತ ಹೇಳು. ಬೇರೆಯವರು ಕೈ ಹಾಕಿದ್ರೆ ಗಂಟಲಲ್ಲಿ ಸಿಕ್ಕಿಕೊಳ್ಳಲಿ."

ದೊಡ್ಡಮ್ಮ ರೈಲಿನಲ್ಲಿ ಅರ್ಧ ರೊಟ್ಟಿ ತಿಂದಳು. "ಹಿಟ್ಟು ಉಬ್ಬಿಲ್ಲ," ಎಂದು ಬೈದು ಇನ್ನರ್ಧವನ್ನೂ ತಿಂದಳು.

ಕಿರಣದ ಕೋಣೆಯಲ್ಲಿ ತೋಳು ತಲೆಯ ಮೇಲೆತ್ತಿ ಅಲ್ಲಾಡದೆ ಮಲಗಬೇಕು. ಚರ್ಮ ಕಪ್ಪಗಾಗಿ ಸುಡುತ್ತಿತ್ತು, ಸುಸ್ತು ಅವಳನ್ನು ಹಿಂಡುತ್ತಿತ್ತು. ಎಷ್ಟೋ ಸಲ ರೈಲಿನ ಕಂಬಿ ಹಿಡಿದು "ಸಾಕು ಕಣೇ, ನಾಳೆ ಬರಲ್ಲ" ಎಂದಳು. ಆಗೆಲ್ಲ ನಾನು, "ಸರಿ, ಅಮ್ಮನಿಗೆ ಹಂಗೇ ಹೇಳ್ತೀನಿ," ಎನ್ನುತ್ತಿದ್ದೆ. ಮರುದಿನ ನನಗಿಂತ ಮೊದಲೇ ಹೊದಿಕೆ ಹೊದ್ದು ಹೊಸ್ತಿಲಲ್ಲಿ ನಿಂತಿರುತ್ತಿದ್ದಳು.

ಈಗ ಮಾತ್ರೆ ನುಂಗುತ್ತಾಳೆ, ಹೇಳಿದ ದಿನಕ್ಕೆ ಹೋಗಿ ತೋರಿಸಿಕೊಂಡು ಬರುತ್ತಾಳೆ. ಎರಡು ಕೈಯಲ್ಲೂ ಹಿಟ್ಟು ನಾದುತ್ತಾಳೆ. ಬೀದಿಯಲ್ಲಿ ನಿಂತು ಹೇಳಬೇಕಾಗಿದ್ದ ಮಾತನ್ನು ಅಮ್ಮ ಇನ್ನೂ ಹೇಳಿಲ್ಲ, ಹೇಳುವವಳೂ ಅಲ್ಲ.

ಬಸ್ಸು ಈ ವರ್ಷವೂ ಬಂದಿದೆ. ಅಮ್ಮನಿಗೂ ವಯಸ್ಸಾಯಿತು, ಯಂತ್ರದಲ್ಲಿ ಒಮ್ಮೆ ನೋಡಿಸಿಕೊಳ್ಳಲಿ ಎಂದು ಡಾಕ್ಟರು ಆಗಲೇ ಹೇಳಿದ್ದರು. ನಾನು ಗೋಗರೆದೆ. "ನನಗೇನಾಗಿದೆ, ಹೋಗೇ," ಎಂದಳು. ಇವತ್ತು ಮಾಳಿಗೆಯಲ್ಲಿ ದೊಡ್ಡಮ್ಮ ಹಿಟ್ಟಿನ ತಟ್ಟೆಯನ್ನು ಬೇಕೆಂದೇ ಗೆರೆಯ ಮೇಲಿಟ್ಟು ಬಾತಿನ ಕಡೆ ತಿರುಗಿದಳು.

"ಏ ಬಾತು, ಕೆಲವರು ಬಸ್ಸಿಗೆ ಹೆದರ್ತಾರಂತೆ. ಬೇರೆಯವರ ಸೂಜಿಗೆ ನಗೋಕೆ ಬರುತ್ತೆ, ತಮ್ಮ ಸರದಿ ಬಂದ್ರೆ ಮೆಟ್ಟಿಲ ಕೆಳಗೆ ಅವಿತ್ಕೋತಾರಂತೆ. ಓಣಿಯೆಲ್ಲ ಹೇಳ್ಕೊಂಡು ನಗೋಣ ಅಂತಿದೀನಿ."

ಅಮ್ಮ ಹಿಟ್ಟಿನ ಕೈ ತೊಳೆಯಲೂ ಇಲ್ಲ. ಹೊದಿಕೆ ಎಳೆದುಕೊಂಡು, ಆ ತಟ್ಟೆಯನ್ನು ಕಾಲಲ್ಲಿ ಗೆರೆಯಾಚೆಗೆ ಒದ್ದು, ಮೆಟ್ಟಿಲಿಳಿದಳು.

"ನೋಡ್ಕೋ," ಎಂದಳು ಕೆಳಗಿನಿಂದ, ಬಾತಿಗಲ್ಲ, "ನನ್ನಲ್ಲಿ ಏನಾದ್ರೂ ಸಿಕ್ಕಿದ್ರೆ ಅದು ನಿನ್ನ ಕಣ್ಣು ತಾಗಿದ್ದೇ ಕಣೇ ನಬವಿಯ್ಯ!"

"ನಡೀ, ನಡೀ," ಎಂದು ದೊಡ್ಡಮ್ಮ ತನ್ನ ಹೊದಿಕೆ ಹುಡುಕತೊಡಗಿದಳು. "ಯಂತ್ರ ಅಮುಕಿದಾಗ ನೀನು ಅರಚೋದು ಕೇಳದೆ ನಾನು ಬಿಡ್ತೀನಾ?"