ಇನ್ನೂ ಎಂಟು ನಿಮಿಷ

"ಅಮ್ಮಾ, ಕೈ ತೆಗಿ!"

ತಾಯಿ ಓವನ್ನಿನ ಹಿಡಿಯಿಂದ ಕೆಂಡ ಮುಟ್ಟಿದವಳಂತೆ ಕೈ ಎಳೆದುಕೊಂಡಳು. ಒಳಗೆ ಮಗಳ ಪೇಸ್ಟ್ರಿ ಬೇಯುತ್ತಿತ್ತು. ಫ್ರೆಂಚರ ಹಳೆಯ ಸಿಹಿ ಅದು: ಚಕ್ರದಂತೆ ಉಬ್ಬಿ ಒಳಗೆ ಟೊಳ್ಳಾಗುವ ಹಿಟ್ಟು, ಆ ಟೊಳ್ಳಿಗೆ ಬಾದಾಮಿ ಕೆನೆ. ಮಗಳು ಚಕ್ರವನ್ನು ಅಂಗೈಯಗಲಕ್ಕೆ ಇಳಿಸಿ, ಬಾದಾಮಿ ಬಿಟ್ಟು, ಹುರಿದ ಕರಿ ಎಳ್ಳನ್ನು ಅರೆದು ಕೆನೆಗೆ ಬೆರೆಸಿದ್ದಳು. ಹನ್ನೊಂದಕ್ಕೆ ದೊಡ್ಡ ಬೇಕರಿಯ ಯಜಮಾನರು ರುಚಿ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಅದು ಅವರ ಗಾಜಿನ ಕಪಾಟು ಸೇರುತ್ತಿತ್ತು, ಮಗಳ ಹೆಸರಿನ ಚೀಟಿಯ ಸಮೇತ.

ನಿನ್ನೆ ಎರಡು ಸಲ ಮಾಡಿದಾಗಲೂ ಚಕ್ರಗಳು ಮುಖ ಬಾಡಿಸಿಕೊಂಡು ಚಪ್ಪಟೆಯಾಗಿದ್ದವು.

"ನಿನ್ನೆ ಕೆಡಿಸಿದ್ದು ನಾನೇ ಕಣೇ," ತಾಯಿ ನೆಲ ನೋಡುತ್ತ ಅಂದಳು. "ಸೀದುಹೋದ್ರೆ ಅಂತ ಭಯ. ನೀನು ಆಚೆ ಹೋದಾಗ ಒಂಚೂರು ಬಾಗಿಲು ತೆಗೆದು ಇಣುಕಿದೆ."

"ಎರಡು ಸಲಾನೂ?"

"ಎರಡನೇದಕ್ಕೆ ಮೂರು ಸಲ ಇಣುಕಿದೆ."

"ಅಯ್ಯೋ! ಮೊಟ್ಟೆ ಸರಿಯಿಲ್ಲ ಅಂತ ಅಂಗಡಿ ಅಜ್ಜಿ ಹತ್ರ ಜಗಳ ಆಡ್ಕೊಂಡು ಬಂದ್ನಲ್ಲಮ್ಮಾ!" ಮಗಳಿಗೆ ಸಿಟ್ಟೂ ನಗುವೂ ಒಟ್ಟಿಗೇ ಬಂದವು. "ಬಿಸಿ ಆಚೆ ಹೋದ್ರೆ ಅದು ಕೂತ್ಬಿಡತ್ತೆ. ಇವತ್ತು ನೀನೇ ಕಾವಲು. ನೀನೂ ಮುಟ್ಟಬಾರ್ದು, ಬೇರೆ ಯಾರೂ ಮುಟ್ಟಬಾರ್ದು."

ತಾಯಿ ಸ್ಟೂಲು ಎಳೆದುಕೊಂಡು ಓವನ್ನಿಗೆ ಬೆನ್ನು ಹಾಕಿ ಕೂತಳು. ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡಳು.

ಯಜಮಾನರು ಹೇಳಿದ್ದಕ್ಕಿಂತ ಮೊದಲೇ ಬಂದರು. "ಘಮ ಚೆನ್ನಾಗಿದೆ. ನೋಡೇಬಿಡೋಣ," ಎನ್ನುತ್ತ ನೇರವಾಗಿ ಹಿಡಿಗೆ ಕೈಚಾಚಿದರು.

ತಾಯಿ ಎದ್ದು ಅಡ್ಡ ನಿಂತಳು. "ಮುಟ್ಟಬೇಡಿ ಸಾರ್. ಇನ್ನೂ ಎಂಟು ನಿಮಿಷ ಇದೆ."

"ನಲವತ್ತು ವರ್ಷದಿಂದ ಬೇಕರಿ ನಡೆಸ್ತಿದೀನಮ್ಮಾ. ಬನ್ನು ಬೇಯೋವಾಗ ಹತ್ತು ಸಲ ತೆಗೀತೀವಿ."

"ಬನ್ನು ನಿಮ್ಮದು, ತೆಗೀರಿ. ಇದು ನನ್ನ ಮಗಳದ್ದು."

ಫ್ರಿಜ್ಜಿನ ಬಳಿ ನಿಂತಿದ್ದ ಮಗಳು ಕೆನೆಯ ಬಟ್ಟಲನ್ನು ಎದೆಗೆ ಅವಚಿಕೊಂಡಳು. ಯಜಮಾನರು ಒಂದು ಗಳಿಗೆ ತಾಯಿಯನ್ನೇ ನೋಡಿದರು. ಆಮೇಲೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಶಾಲೆಯ ಹುಡುಗನಂತೆ ಗಡಿಯಾರ ನೋಡುತ್ತ ನಿಂತರು.

ಚಕ್ರಗಳು ಎದೆಯುಬ್ಬಿಸಿಕೊಂಡು ಹೊರಬಂದವು. ಅವು ಆರಿದ ಮೇಲೆ ಮಗಳು ಕೆನೆ ತುಂಬಿದಳು. ಯಜಮಾನರು ಕಚ್ಚಿದಾಗ ಗರಿಗರಿ ಸದ್ದು ಅಡುಗೆಮನೆಗೆಲ್ಲ ಕೇಳಿಸಿತು. ಅವರು ಪೂರ್ತಿ ತಿಂದು ಬೆರಳು ನೆಕ್ಕಿದರು, ಜೇಬಿನಿಂದ ಪೆನ್ನು ತೆಗೆದರು.

"ಚೀಟಿಗೆ ಹೆಸರು ಹೇಗೆ ಬರೀಬೇಕು?"

ಮಗಳು ಬಾಯಿ ತೆರೆಯುವ ಮೊದಲೇ ತಾಯಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಖಾಲಿಯಾದ ಓವನ್ನಿಗೆ ಅಡ್ಡಲಾಗಿ ಅವಳು ಇನ್ನೂ ನಿಂತೇ ಇದ್ದಳು.